ಅಣ್ಣ ಬದಲಿಸಿದ ದೀಪಗಳು

ಸಂಜೆ ಮೋಟರ್‌ಸೈಕಲ್ಲಿನ ಹೆಡ್‌ಲೈಟು ಹಚ್ಚಿದ ಕೂಡಲೇ ಅಣ್ಣ ಹ್ಯಾಂಡಲಿನಿಂದ ಎರಡೂ ಕೈ ತೆಗೆದು ಅದಕ್ಕೆ ನಮಸ್ಕಾರ ಮಾಡುತ್ತಿದ್ದ. ಗಾಡಿ ಓಡುತ್ತಿರುವಾಗಲೇ! ಮನೆಯಲ್ಲಿ ದೀಪ ಹಚ್ಚಿದಾಗ ಕೈ ಮುಗಿಯುವುದು ರೂಢಿ. ಅವನ ಪಾಲಿಗೆ ಅದೂ ದೀಪವೇ. ಹಿಂದೆ ಕೂತ ನಾನು ಅಷ್ಟರಲ್ಲಿ ಮನೆದೇವರನ್ನೆಲ್ಲ ನೆನೆದು ಮುಗಿಸಿರುತ್ತಿದ್ದೆ.

ಅಣ್ಣ ಗುರುಸಿದ್ದಪ್ಪ ಸವಣೂರಿನ ದನದ ದವಾಖಾನೆಯಲ್ಲಿ ಸಣ್ಣ ಹುದ್ದೆಯಲ್ಲಿದ್ದ. ಹಳ್ಳಿಯವರ ಬಾಯಲ್ಲಿ ಮಾತ್ರ ಡಾಕ್ಟರು. ಎಪ್ಪತ್ತರ ದಶಕದ ಕೊನೆಗೆ ನಾನು ಯಲವಿಗಿಯಲ್ಲಿ ಟೀಚರಾಗಿದ್ದೆ. ಅವನು ಹಳ್ಳಿ ಸುತ್ತಿ ಮುಗಿಸಿ ನನ್ನನ್ನು ಕೂರಿಸಿಕೊಂಡು ಬರುತ್ತಿದ್ದ. ದಿನವಿಡೀ ಮಕ್ಕಳ ಮುಂದೆ ಒದರಿ ಗಂಟಲು ಒಣಗಿದವಳಿಗೆ ಮನೆ ಸೇರಿ ಒಂದು ಬಶಿ ಚಹಾ ಸಿಕ್ಕರೆ ಸಾಕಿತ್ತು. ಆದರೆ ಗಾಡಿ ಮನೆಗೆ ಹೋಗುತ್ತಿರಲಿಲ್ಲ, ಖಾದರಸಾಬರ ಗ್ಯಾರೇಜಿಗೆ ಹೋಗುತ್ತಿತ್ತು. ಅಲ್ಲಿನ ಮುರುಕು ಸ್ಟೂಲಿನ ಮೇಲೆ ಕೂತು ನಾನು ಎಷ್ಟು ಮಕ್ಕಳ ಶುದ್ಧಲೇಖನ ತಿದ್ದಿದ್ದೇನೋ!

ಗಾಡಿಯ ಜೊತೆ ಬಂದ ಲೈಟು ಮಂದವೆಂದು ಅಣ್ಣ ಹುಬ್ಬಳ್ಳಿಯಿಂದ ಜೀಪಿನ ಲೈಟು ತಂದು ಹಾಕಿಸಿದ. ಪರಾತದಷ್ಟು ದೊಡ್ಡದು. ವೇಗ ಇದ್ದಾಗ ಉರಿಯುತ್ತಿತ್ತು, ನಿಧಾನ ಮಾಡಿದರೆ ಕೆಂಪಗಾಗಿ ಕಣ್ಣು ಮುಚ್ಚುತ್ತಿತ್ತು. ಖಾದರಸಾಬರು ನೋಡಿ ನಕ್ಕರು. "ಗಾಡಿ ಹುಟ್ಟಿಸೋ ಕರೆಂಟ ಇಷ್ಟ ರೀ ಸಾಹೇಬ್ರ. ಆಡಿನ ಮೊಲಿಗೆ ಎಮ್ಮಿ ಕರಾ ಬಿಟ್ಟಂಗ ಆತು ಇದು."

ಜೀಪಿನದು ಹೋಗಿ ಹಳದಿ ಗಾಜಿನದು ಬಂತು. ಅದೂ ಹೋಗಿ ಎರಡು ಸಣ್ಣ ಲೈಟು ಬಂದವು. ವೈರು ಬದಲಾಯಿತು, ಸ್ವಿಚ್ಚು ಬದಲಾಯಿತು, ತುಕ್ಕು ಉಜ್ಜಿ ಅರ್ಥಿಂಗ್ ಬಿಗಿ ಮಾಡಿದ್ದಾಯಿತು. ಖಾದರಸಾಬರು ಗಾಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಹಚ್ಚಿದರೆ ಬೆಳಕು ತಾಟಿನಂತೆ ದುಂಡಗೆ ಬೀಳುತ್ತಿತ್ತು. "ಗ್ವಾಡಿ ಮ್ಯಾಲೆ ಬೀಳೋ ಬೆಳಕು ರೋಡಿನ ಮ್ಯಾಲೆ ಯಾಕ ಬೀಳೂದಿಲ್ಲ?" ಎಂದು ಅಣ್ಣ ಜಗಳಕ್ಕೆ ನಿಲ್ಲುತ್ತಿದ್ದ. ಪಾಪ, ಅವರೇನು ಹೇಳಿಯಾರು?

ನನಗಂತೂ ದಾರಿಯ ಬೇವಿನ ಮರ, ಬದುವಿನ ಕಲ್ಲು ಎಲ್ಲ ಕಾಣುತ್ತಿದ್ದವು. ಹಾಗೆ ಹೇಳಿದರೆ, "ಹಿಂದ ಕುಂತವರಿಗೆ ಎಲ್ಲಾ ಕಾಣತೈತಿ" ಎಂದು ಬಾಯಿ ಮುಚ್ಚಿಸುತ್ತಿದ್ದ. ಒಂದು ಸಂಜೆ ಮುಂದೆ ಹೋಗುತ್ತಿದ್ದ ಎತ್ತಿನ ಚಕ್ಕಡಿ ನನ್ನ ಚೀರಾಟದಿಂದ ಉಳಿಯಿತು, ನಾವೂ ಉಳಿದೆವು. ಅದೂ ಲೈಟಿನ ತಪ್ಪೇ ಆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಗೊಣಗಿದೆ. ಬೇಸತ್ತು ಆಡಿದ ಮಾತು. ಅದರಲ್ಲಿ ನಿಜವಿದ್ದೀತೆಂದು ನನಗೇ ಹೊಳೆಯಲಿಲ್ಲ.

ನಮ್ಮ ಅಪ್ಪ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದ. ಮದುವೆಯಿರಲಿ, ಸಾವಿರಲಿ, ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಿದವನಲ್ಲ. ಗಂಡಸೆಂದರೆ ಹೀಗೆ ಶಿಸ್ತಿನವನಿರಬೇಕು ಎಂದು ಊರೇ ಹೊಗಳುತ್ತಿತ್ತು. ಅಣ್ಣನಿಗೆ ಆ ಶಿಸ್ತು ನಡೆಯುವಂತಿರಲಿಲ್ಲ. "ಆಕಳಾ ಆಫೀಸ ಟೈಮ ನೋಡಿ ಈಯೂದಿಲ್ಲವಾ ಶಾಂತಾ" ಎನ್ನುತ್ತಿದ್ದ.

ಹಾಗೆಯೇ ಒಂದು ಸಂಜೆ, ಶಿಗ್ಗಾಂವಿ ಕಡೆಯ ದುಂಡಸಿಯಿಂದ ಪರಿಚಯದ ನಿಂಗವ್ವ ಹೇಳಿ ಕಳಿಸಿದಳು. ಇದ್ದೊಂದು ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಗಾಡಿಯ ಮೇಲೆ ನಾನೂ ಇದ್ದೆ, ಹೋದೆವು. ನಿಂಗವ್ವ ಕಂದೀಲು ಹತ್ತಿರ ಹಿಡಿದರೆ ಅಣ್ಣ ಬೇಡವೆಂದ. "ಅದನ್ನ ಆಚೀಗಿಡಬೇ ಯವ್ವಾ. ಒಳಗ ಯಾರ ಕಣ್ಣೂ ನಡಿಯೂದಿಲ್ಲ, ಕೈನ ನೋಡಬೇಕು." ಮೊಳಕೈವರೆಗೆ ಕೈ ಹಾಕಿ, ಮಡಚಿಕೊಂಡಿದ್ದ ಕರುವಿನ ಕಾಲನ್ನು ಬಿಡಿಸಿ, ಮೆಲ್ಲಗೆ ಜಗ್ಗಿದ. ಕರು ಜೀವಂತ ಬಂತು. ನಿಂಗವ್ವ ಅವನ ಕಾಲಿಗೇ ಬಿದ್ದಳು.

ಅಣ್ಣ ಕೈ ತೊಳೆಯಲು ನೀರು ಎಲ್ಲಿ ಎಂದ. ಬಕೀಟು ಅವನ ಪಾದದ ಮುಂದೆಯೇ ಇತ್ತು, ಕಂದೀಲಿನ ಬೆಳಕೂ ಅದರ ಮೇಲಿತ್ತು. ಅವನು ಗಾಳಿಯಲ್ಲಿ ಕೈಯಾಡಿಸಿ, ಹೆಜ್ಜೆಯಿಟ್ಟು ಬಕೀಟು ಎಡವಿದ.

"ಬಕೀಟ ಎಲ್ಲಿತ್ತವಾ?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ನಿನ್ನ ಕಾಲ ಮುಂದ ಇತ್ತೋ ಅಣ್ಣಾ."

ಅಣ್ಣ ಬಗ್ಗಿ, ತಡವಿ ಬಕೀಟು ಹಿಡಿದು, ಉಳಿದ ನೀರಲ್ಲಿ ಕೈ ತೊಳೆದುಕೊಂಡ. ಆಮೇಲೆ ನಿಂಗವ್ವನಿಗೆ, "ಗಾಡಿ ಲೈಟ ಕೆಟ್ಟೈತಿ, ಇಲ್ಲೇ ಮಕ್ಕೊಂಡು ಮುಂಜಾನೆ ಹೊಕ್ಕೇವಿ" ಎಂದ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಇದು ಇರುಳುಗುರುಡು, ಹಿರಿಯರಿಂದ ಬಂದದ್ದು, ಮದ್ದಿಲ್ಲ, ಮುಂದೆ ಹಗಲೂ ಮಂದವಾದೀತು ಎಂದರು. ಹೊರಗೆ ಬಂದು ಅಣ್ಣ, "ಅಪ್ಪನ ಶಿಸ್ತು ಈಗ ತಿಳೀತೇನು?" ಎಂದು ನಕ್ಕ. ನನಗೆ ನಗು ಬರಲಿಲ್ಲ. ನೌಕರಿ ಹೋದೀತೆಂದು ಅಪ್ಪನಂತೆ ಅವನೂ ಯಾರಿಗೂ ಹೇಳಲಿಲ್ಲ. ಹಳೆಯ ಲೈಟನ್ನೇ ಹಾಕಿಸಿ ಹಗಲಷ್ಟೇ ತಿರುಗಿದ. ಸಂಜೆ ಕರೆಯಲು ಬಂದವರನ್ನು ತಿರುಗಿ ಕಳಿಸಿದ. "ಡಾಕ್ಟರಗ ದೊಡ್ಡಸ್ತಿಕಿ ಬಂದೈತಿ" ಎಂದು ಜನ ಆಡಿಕೊಂಡರು.

ಕೊನೆಯ ಸಲ ಅವನನ್ನು ನೋಡಿದ್ದು ಎಂಬತ್ತರ ದಶಕದ ನಡುವೆ. ನನಗೆ ಹಂಸಭಾವಿಗೆ ವರ್ಗವಾಗಿತ್ತು, ರಜೆಗೆ ಬಂದಿದ್ದೆ. ಹೊತ್ತು ಮುಳುಗುತ್ತಿತ್ತು. ಅಣ್ಣ ಕಟ್ಟೆಯ ಮೇಲೆ ಕೂತು, "ಗಿರಿಜಾಗ ಚೆಂಡ ಒಗದು ನೋಡು" ಎಂದ. ಗಿರಿಜಾ ಅವನ ಒಬ್ಬಳೇ ಮಗಳು, ಅಂಗಳದಲ್ಲಿ ಆಡುತ್ತಿದ್ದಳು.

"ಹೆಣ್ಣಮಕ್ಕಳಿಗೆ ಆ ಇರುಳುಗುರುಡು ಬರೂದಿಲ್ಲ ಬಿಡೋ."

"ನಮ್ಮ ಮನಿ ಹೆಣ್ಣಮಕ್ಕಳನ್ನ ಸಂಜೀಮುಂದ ಯಾರ ಹೊರಗ ಬಿಟ್ಟಿದ್ರು, ಗೊತ್ತಾಗಾಕ?"

ಚೆಂಡು ಎತ್ತಿಕೊಂಡು ಒಗೆದೆ. ಅದು ಅವಳ ಅಂಗೈಗೆ ಬಡಿದ ಸದ್ದಿಗೆ ಅಣ್ಣ ಕಿವಿಗೊಟ್ಟು ಕೂತಿದ್ದ. "ಇನ್ನಷ್ಟು ಕತ್ತಲಾಗಲಿ, ಮತ್ತ ಒಗಿ" ಎಂದ. ಮತ್ತೆ ಒಗೆದೆ, ಹಿಡಿದಳು. ರಟ್ಟೆ ನೋಯುವವರೆಗೆ ಒಗೆದೆ. ಕೊನೆಗೊಮ್ಮೆ ಚೆಂಡು ನೆಲಕ್ಕೆ ಬಿದ್ದು ಉರುಳಿತು. ಅಣ್ಣ ತಟ್ಟನೆ ಎದ್ದು ನಿಂತ.

"ಶಾಂತಾ, ಖರೇ ಹೇಳು. ನಿನಗ ಚೆಂಡ ಕಂಡಿತ್ತೇನು?"

"ಇಲ್ಲೋ ಅಣ್ಣಾ. ನನಗೂ ಕಾಣಲಿಲ್ಲ."

"ಹಂಗಾರ ಸಾಕು," ಎಂದು ಅವನು ಗೋಡೆ ಹಿಡಿದುಕೊಂಡು ಮತ್ತೆ ಕೂತ.