ಹದಿನೇಳು ಗಂಟೆಯ ಮೆಣಸಿನಕಾಯಿ

ನಮ್ಮ ಮನೆಯ ಗೋಡೆ ಗಡಿಯಾರ ಹನ್ನೆರಡಕ್ಕೇ ತೃಪ್ತಿಪಟ್ಟು ಮತ್ತೆ ಒಂದರಿಂದ ಶುರುಮಾಡುವ ಅಲ್ಪತೃಪ್ತ. ಜೇಬಿನ ಮೊಬೈಲಾದರೋ ಹದಿಮೂರು, ಹದಿನಾಲ್ಕು ಎನ್ನುತ್ತ ಏರುತ್ತಲೇ ಹೋಗುವ ಮಹತ್ವಾಕಾಂಕ್ಷಿ. ಅಪ್ಪನಿಗೆ ಬೆಳಗು ಬೈಗುಗಳ ಗೊಂದಲವಾಗದಿರಲೆಂದು ಮಗಳೇ ಅದನ್ನು ಹಾಗೆ ಹೊಂದಿಸಿಕೊಟ್ಟಿದ್ದಾಳೆ. ಆದರೆ ಓದುಗರೇ, ಗೊಂದಲವಿರುವುದು ಗಡಿಯಾರದಲ್ಲಲ್ಲ, ನೋಡುವವನ ತಲೆಯಲ್ಲಿ ಎಂಬುದಕ್ಕೆ ಕುಂದಗೋಳದ ಈ ನಿವೃತ್ತ ಮಾಸ್ತರನೇ ಸಾಕ್ಷಿ.

ಈ ವರ್ಷ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಮಗಳಿಗೆ ಹೆಣ್ಣುಕೂಸಾಯಿತು. ಬಾಣಂತನಕ್ಕೆಂದು ನನ್ನ ಹೆಂಡತಿ ಮೊದಲೇ ದಾವಣಗೆರೆಗೆ ಹೋಗಿದ್ದಳು. ನಮ್ಮ ಕಡೆ ನಾಮಕರಣದಂದು ಕೂಸನ್ನು ಮಲಗಿಸುವುದು ತವರಿನವರು ತಂದ ತೊಟ್ಟಿಲಲ್ಲಿ. ಅದು ಕಲಘಟಗಿಯ ಬಣ್ಣದ ತೊಟ್ಟಿಲಾದರಂತೂ ಮಗಳು ತಲೆಯೆತ್ತಿ ತಿರುಗಾಡಬಹುದು. ಅದನ್ನು ಮುಟ್ಟಿಸುವುದೊಂದೇ ನನ್ನ ಹೊಣೆ. ನಾನು ಹೊರಡುವ ದಿನದ ಮರುದಿನ ಬೆಳಿಗ್ಗೆಯೇ ನಾಮಕರಣ, ದಾವಣಗೆರೆ ರೈಲಿನ ಟಿಕೆಟಿನಲ್ಲಿ 17:05. ನನಗೆ ಏಳು ಕಂಡಿತು, ಅದರ ಎಡಕ್ಕಿದ್ದ ಒಂದು ಕಾಣಲಿಲ್ಲ. ಲೆಕ್ಕದಲ್ಲಿ ದಶಕ ಮರೆತ ಮಕ್ಕಳ ಕಿವಿಯನ್ನು ಮೂವತ್ತು ವರ್ಷ ಹಿಂಡಿದ ನಾನು, ಏಳರ ಗಾಡಿಗೆ ಈಗಲೇ ಏನವಸರವೆಂದು ನಾಲ್ಕೂವರೆಗೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದೆ.

ಬಾಜೂಮನೆಯ ಬೀಬಿಜಾನಕ್ಕ ತೊಟ್ಟಿಲು ನೋಡಲು ಬಂದರು. ಗಡಿಯಾರ ಕಟ್ಟಿದವರಲ್ಲ, ರೈಲುಗಳೇ ಅವರ ಗಡಿಯಾರ. ಏಳಕ್ಕೆ ಹೊರಡುತ್ತೇನೆಂದಾಗ ಅವರು ನನ್ನ ಮುಖವನ್ನೇ ನೋಡಿದರು.

"ಮಾಸ್ತರ್ರ, ದಾವಣಗೆರಿ ಗಾಡಿ ಕೂಗಿದ ಮ್ಯಾಲೆ ನಾ ದಿನಾ ಅಂಗಳದಾಗ ಒಣಾಕಿದ ಮೆಣಸಿನಕಾಯಿ ಗುಡ್ಡಿ ಒಟ್ಟತೀನ್ರಿ. ಏಳಕ್ಕ ಕೂಗಿದ್ರ ಕತ್ತಲದಾಗ ಒಟ್ಟಬೇಕಿತ್ತು. ಇವತ್ತ ಇನ್ನ ಕೂಗಿಲ್ಲ. ಎದ್ದೇಳ್ರಿ."

ಟಿಕೆಟು ತೆಗೆದು ಹನ್ನೆರಡು ಕಳೆದೆ. ಐದು ಉಳಿಯಿತು. ಚಹಾದ ಲೋಟ ಅಲ್ಲೇ ಬಿಟ್ಟು ಹೊರಗೋಡಿದೆ. ಓಣಿಯಲ್ಲಿ ಒಂದು ಆಟೋ ಕೂಡ ಇರಲಿಲ್ಲ. ಬೀಬಿಜಾನಕ್ಕ ಸೆರಗು ಸಿಕ್ಕಿಸಿ, ತಮ್ಮ ಅಂಗಳದ ತುಂಬ ಹರವಿದ್ದ ಮೆಣಸಿನಕಾಯಿಯನ್ನು ತಿರುಗಿಯೂ ನೋಡದೆ, ತೊಟ್ಟಿಲಿನ ಒಂದು ತುದಿ ಹಿಡಿದರು. ಇನ್ನೊಂದು ತುದಿಗೆ ನಾನು, ನನ್ನ ಏದುಸಿರು. ನಾವು ಸ್ಟೇಷನ್ ಮುಟ್ಟುವುದಕ್ಕೂ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕೈಮುಗಿಯಲೂ ಪುರುಸೊತ್ತಾಗಲಿಲ್ಲ, ಅವರು ಕೋಳಿ ಓಡಿಸುವವರಂತೆ ಕೈಬೀಸಿ ನನ್ನನ್ನು ಡಬ್ಬಿಯೊಳಕ್ಕೆ ಅಟ್ಟಿದರು.

ಮರುದಿನ ಐದು ಜನ ಮುತ್ತೈದೆಯರು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ತೂಗುವಾಗ ನನ್ನ ಕಣ್ಣು ಒದ್ದೆಯಾದವು. ತೊಟ್ಟಿಲನ್ನು ಎಷ್ಟು ಜೋಪಾನವಾಗಿ ತಂದಿರಿ ಎಂದು ಬೀಗರು ಹೊಗಳಿದರು. ನಾನು ತಂದದ್ದು ಅರ್ಧವನ್ನಷ್ಟೇ ಎಂದು ಎಲ್ಲರೆದುರು ಒಪ್ಪಿಕೊಂಡೆ.

ಊರಿಗೆ ಬಂದಾಗ ಗೊತ್ತಾಯಿತು: ನಾವು ಅತ್ತ ಹೋದಾಗ ಯಾರದೋ ಆಡುಗಳು ಅಂಗಳಕ್ಕೆ ನುಗ್ಗಿ ಅರ್ಧ ಮೆಣಸಿನಕಾಯಿಯನ್ನು ತುಳಿದು ಹಾಳುಮಾಡಿದ್ದವು. ತಪ್ಪೆಲ್ಲ ನನ್ನದೇ ಎಂದು ತಲೆ ತಗ್ಗಿಸಿ ನಿಂತೆ.

"ಮೆಣಸಿನಕಾಯಿ ಮತ್ತ ಬೆಳೀತಾವ್ರಿ," ಎಂದರು ಬೀಬಿಜಾನಕ್ಕ. "ಕೂಸಿನ್ನ ತೊಟ್ಟಲಕ್ಕ ಹಾಕೂ ಮುಂಜಾನಿ ಮತ್ತ ಬರ್ತೈತೇನ್ರಿ?"

ಗೋಡೆಯ ಗಡಿಯಾರಕ್ಕೂ ಮೊಬೈಲಿಗೂ ಇನ್ನೂ ರಾಜಿಯಾಗಿಲ್ಲ. ಆದರೆ ಮೊಬೈಲು ಹದಿನೇಳು ತೋರಿಸಿದರೆ ನಾನೀಗ ಹನ್ನೆರಡು ಕಳೆಯುತ್ತ ಕೂರುವುದಿಲ್ಲ. ಮೂಗಿಗೊಂದು ಟವೆಲ್ಲು ಕಟ್ಟಿಕೊಂಡು, ಸೀನುತ್ತಲೇ, ಮೆಣಸಿನಕಾಯಿ ಒಟ್ಟಲು ಬೀಬಿಜಾನಕ್ಕನ ಅಂಗಳಕ್ಕೆ ಹೋಗುತ್ತೇನೆ.