ನಾಲ್ಕು ದಿನಕ್ಕೆ ಎರಡು ಮನೆ

ನಮ್ಮತ್ತೆ ಬಸಲಿಂಗವ್ವ ಅವಸರ ಮಾಡಿದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಆ ಅವಸರವೂ ಅವರದಲ್ಲ, ನನ್ನದು. ಇಷ್ಟು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡು ಸಾಕಾಗಿದೆ, ಇವತ್ತು ಹೇಳಿಬಿಡುತ್ತೇನೆ.

ಅತ್ತೆ ಇಂಡಿ ತಾಲೂಕಿನವರು. ಗಂಡನ ಬೆನ್ನು ಹತ್ತಿ ಮುಂಬಯಿಗೆ ಬಂದಾಗ ಹದಿನೆಂಟು ತುಂಬಿತ್ತಂತೆ. ಸಯನ್, ಪರೇಲ್ ಕಡೆ ಎದ್ದ ಎಷ್ಟೋ ಬಿಲ್ಡಿಂಗುಗಳಿಗೆ ತಲೆಯ ಮೇಲೆ ಸಿಮೆಂಟು ಹೊತ್ತವರು. ಗಂಡ ಕಟ್ಟಡಕ್ಕೆ ಹತ್ತಲು ಕಟ್ಟಿದ ಬಿದಿರಿನ ಪರಾಂಚಿ ಜಾರಿ ಮೂರನೇ ಮಾಳಿಗೆಯಿಂದ ಬಿದ್ದು ತೀರಿಕೊಂಡ ಮೇಲೆ, ಕೂಸನ್ನು ಮರಳಿನ ರಾಶಿಯ ಮೇಲೆ ಮಲಗಿಸಿ ದುಡಿದರು. ಆ ಕೂಸೇ ಗದಿಗೆಪ್ಪ. ಮೆಟ್ರಿಕ್ ಪಾಸಾಗಿ, ಔಷಧದ ಕಂಪನಿಯಲ್ಲಿ ಕ್ಲಾರ್ಕ್ ಆಗಿ, ಆಂಟಾಪ್ ಹಿಲ್‌ನಲ್ಲಿ ಕೋಣೆ ಹಿಡಿದು, ನನ್ನ ಕೊರಳಿಗೆ ತಾಳಿ ಕಟ್ಟಿದವರು.

ಕೆಲಸದ ಜಾಗದಲ್ಲೂ ಅತ್ತೆ ಬೆಳಿಗ್ಗೆ ಸಿಮೆಂಟ್ ಚೀಲಗಳ ಮರೆಯಲ್ಲಿ ಕುಳಿತು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದರಂತೆ. ಕೂಲಿಗಳ ಮೇಸ್ತ್ರಿ ಮುಕಾದಮ ಬಾಯಿಗೆ ಬಂದಂತೆ ಒದರುತ್ತಿದ್ದ. ಇವರು ಕಣ್ಣು ಕೂಡ ತೆರೆಯುತ್ತಿರಲಿಲ್ಲ. ಪೂಜೆ ಮುಗಿಯದೆ ಒಂದು ಗುಟುಕು ನೀರು ಸಹ ಬಾಯಿಗೆ ಬಿಟ್ಟವರಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಊರ ಮಠದ ಅಯ್ಯನವರು ಕೊಟ್ಟ ಲಿಂಗ ಅದು. ಅದನ್ನಿಡುವ ಬೆಳ್ಳಿಯ ಕರಡಿಗೆ ಮಗನ ಶಾಲೆಯ ಖರ್ಚಿಗೆಂದು ಮಾರಿ ಹೋಗಿತ್ತು. ಅಂದಿನಿಂದ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು.

"ಗಂಡ ಹೋದ, ಊರ ಬಿಟ್ಟ ಹೋತು. ನನ್ನ ಕೂಡ ಮಣ್ಣಿಗೆ ಬರೂದು ಇದೊಂದ ನೋಡವಾ ನಾಗವ್ವಾ" ಎನ್ನುತ್ತಿದ್ದರು. ನಮ್ಮಲ್ಲಿ ಸತ್ತವರ ಎಡಗೈಯಲ್ಲಿ ಅವರವರ ಲಿಂಗವನ್ನಿಟ್ಟೇ ಮಣ್ಣು ಕೊಡುವುದು.

ಎಪ್ಪತ್ಮೂರರ ಮೇ ತಿಂಗಳು. ಮಾರ್ವೆಯ ಸಮುದ್ರದ ದಂಡೆಯಲ್ಲಿ ಚಂದ್ರಬಾಗ್ ಎಂಬ ಆಟದ ತೋಟ ಹೊಸದಾಗಿ ಆಗಿತ್ತು. ಆಕಾಶದ ತೊಟ್ಟಿಲು, ಪುಟ್ಟ ರೈಲು, ನೀರಿನ ಜಾರುಬಂಡಿ, ಮತ್ತೆ ಒಳಗೇ ಉಳಿಯುವವರಿಗೆ ಸಾಲು ಕೋಣೆಗಳು. ಇವರ ಕಂಪನಿಯ ಕ್ಲಬ್ಬಿನವರು ಚೀಟಿ ಎತ್ತಿದಾಗ ನಮಗೆ ಅಂಥದೊಂದು ಕೋಣೆ ಎರಡು ರಾತ್ರಿಗೆ ಬಂತು. ಒಳಗೆ ಉಳಿದವರಿಗೆ ಬಾಗಿಲು ತೆರೆಯುವ ಮೊದಲೇ ಆಟ, ಸಾಲಿನಲ್ಲಿ ನಿಲ್ಲುವುದಿಲ್ಲ. ನಮ್ಮ ಮಗಳು ಸೋಮಿಗೆ ಆಗ ಆರು ವರ್ಷ, ಕುಣಿದಾಡಿಬಿಟ್ಟಳು.

ಎರಡು ದಿನ ಸಾಲುವುದಿಲ್ಲ ಎಂದವಳು ನಾನೇ. ಹೇಗೂ ಹೋಗುತ್ತೇವೆ, ಇನ್ನೆರಡು ದಿನ ತೋಟದ ಹೊರಗಿನ ಲಾಡ್ಜಿನಲ್ಲಿ ಇರೋಣ, ಅಲ್ಲಿ ಸ್ಟೋವ್ ಹಚ್ಚಲು ಬಿಡುತ್ತಾರೆ, ರೊಟ್ಟಿ ಬಡಿಯಬಹುದು ಎಂದು ಇವರ ತಲೆ ತಿಂದೆ. ಮೊದಲು ಹೊರಗೆ, ಆಮೇಲೆ ಒಳಗೆ ಎಂದು ಇವರು ಅಂದರು. ನಾನು ಕೇಳಬೇಕಲ್ಲ! ಒಳಗಿನ ಮಜಾ ಮೊದಲೇ ಆಗಬೇಕು ಎಂದು ಹಟ ಹಿಡಿದೆ.

ಅತ್ತೆ ಮಾತ್ರ ನಕ್ಕರು. "ನಾಕ ದಿನಕ್ಕ ಎರಡು ಮನಿ ಯಾಕವಾ? ಗಂಟ ಬಿಚ್ಚೂದು, ಗಂಟ ಕಟ್ಟೂದು. ಏನರ ಒಂದು ಹಿಂದ ಉಳದ ಉಳೀತೈತಿ."

"ಉಳೀಲಿಕ್ಕೆ ನಮ್ಮ ಹಂತೇಕ ಏನೈತ್ರಿ ಅತ್ತೀ?" ಎಂದು ನಾನೂ ನಕ್ಕೆ. ಆ ಬಾಯಿಗೆ ಆಗಲೇ ಹುಣ್ಣಾಗಬೇಕಿತ್ತು.

ಒಳಗಿನ ಎರಡು ದಿನ ನಿಜಕ್ಕೂ ಚೆನ್ನಾಗಿದ್ದವು. ಸೋಮಿ ಅಜ್ಜಿಯ ಕೈ ಹಿಡಿದು ಆಕಾಶದ ತೊಟ್ಟಿಲಲ್ಲಿ ಕೂರಿಸಿದಳು. ಮೇಲೆ ಹೋದಾಗ ಅತ್ತೆ ಕಣ್ಣಿಗೆ ಸಿಕ್ಕ ಬಿಲ್ಡಿಂಗುಗಳನ್ನೆಲ್ಲ ಎಣಿಸಿ, "ಇಷ್ಟ ಎತ್ತರ ನಾ ಏಣಿ ಮ್ಯಾಲ ಹತ್ತೀನಿ, ಕುಂತ ಹತ್ತಿದ್ದು ಇದ ಮೊದಲು" ಎಂದರು. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಐತ ಎಂಬ ತಲೆ ನೆರೆತ ಮನುಷ್ಯ ಮಂಗಳೂರು ಕಡೆಯವನು. ಕನ್ನಡ ಕೇಳಿ ಖುಷಿಯಾಗಿ ಎರಡು ಹೊತ್ತು ಬಿಸಿನೀರು ತಂದುಕೊಟ್ಟ.

ಮೂರನೇ ಬೆಳಿಗ್ಗೆ, ಭಾನುವಾರ, ಒಂಬತ್ತಕ್ಕೆ ಕೋಣೆ ಬಿಡಬೇಕಿತ್ತು. ಎಂಟೂವರೆಗೆ ಅತ್ತೆ ಗೋಡೆಗೆ ಮುಖ ಮಾಡಿ ಪೂಜೆಗೆ ಕುಳಿತರು. ಮುಂದಿನ ಬಾಡಿಗೆಯವರು ಆಗಲೇ ಜಗಲಿಯ ಮೇಲೆ ಟ್ರಂಕು ಇಟ್ಟುಕೊಂಡು ಕಾಯುತ್ತಿದ್ದರು. ಬಾಗಿಲು ಒಮ್ಮೆ ಬಡಿದರು, ಎರಡು ಸಲ ಬಡಿದರು. ನನಗೆ ಮೈಯೆಲ್ಲ ಉರಿ. "ಲಗೂ ಮುಗಸ್ರಿ ಅತ್ತೀ, ಹೊರಗ ಮಂದಿ ನಿಂತಾರ" ಎಂದೆ. ಮುಕಾದಮನೂ ಅಲುಗಾಡಿಸಲಾಗದ ಆ ಹೆಂಗಸನ್ನು ಅವಸರ ಮಾಡಿದವಳು ನಾನು.

ಅಷ್ಟರಲ್ಲಿ ಸೋಮಿ ಮಂಚದ ಮೇಲೆಯೇ ವಾಂತಿ ಮಾಡಿಕೊಂಡಳು. ಹಿಂದಿನ ದಿನ ತಿರುಗಿದ್ದು ಹೆಚ್ಚಾಗಿತ್ತು. ಅತ್ತೆ ಪೂಜೆಯ ನಡುವೆ ಕಣ್ಣು ತೆರೆದು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಂಚದ ಮೂಲೆಯಲ್ಲಿಟ್ಟು, ಓಡಿ ಬಂದು ಕೂಸಿನ ಹಣೆ ಹಿಡಿದರು. ಇವರು ಲಗೇಜು ಹೊತ್ತು ಹೊರಟಿದ್ದರು. ನಾನು ಹೊದಿಕೆ, ಟವೆಲು, ಕೈಗೆ ಸಿಕ್ಕ ಬಿಳಿ ಬಟ್ಟೆಯನ್ನೆಲ್ಲ ಬಳಿದು ಒರೆಸಿ ಮುದ್ದೆ ಮಾಡಿ ಬಾಗಿಲ ಹೊರಗಿನ ದೋಬಿಯ ಗಂಟಿಗೆ ಎಸೆದೆ. ಮಂಚದ ಕೆಳಗಿದ್ದ ಸಣ್ಣ ಬಿಳಿ ಗಂಟನ್ನು ಪೂಜೆಯ ಚೀಲಕ್ಕೆ ಹಾಕಿದೆ.

ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೇಳಿದರು. "ನಾಗವ್ವಾ, ಲಿಂಗ?"

"ಚೀಲದಾಗ ಹಾಕೀನ್ರಿ, ನಡೀರಿ" ಎಂದೆ. ತಿರುಗಿ ನೋಡಲಿಲ್ಲ. ಲಾಡ್ಜು ಹತ್ತು ನಿಮಿಷದ ದಾರಿ. ಅಲ್ಲಿ ಕೂತು ಪೂಜೆ ಮುಗಿಸಿದರಾಯಿತೆಂದು ನನ್ನ ಮಾತು ನಂಬಿ ಅವರು ಹೊರಟರು.

ಲಾಡ್ಜಿನಲ್ಲಿ ಕೈಕಾಲು ತೊಳೆದು ಬಂದು ಚೀಲ ಬಿಚ್ಚಿದರು. ಸಣ್ಣ ಗಂಟಿನಲ್ಲಿ ಇದ್ದದ್ದು ಸೋಮಿ ಕರ್ಚೀಫಿನಲ್ಲಿ ಕಟ್ಟಿಟ್ಟುಕೊಂಡ ಶೇಂಗಾ ಚಿಕ್ಕಿ.

ಅತ್ತೆ ಚಿಕ್ಕಿಯನ್ನು ಮತ್ತೆ ಕಟ್ಟಿ ಮೊಮ್ಮಗಳ ಕೈಗೆ ಕೊಟ್ಟರು. ಆಮೇಲೆ ಖಾಲಿ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದರು.

"ಅವ್ವಾ, ಸಿಗತೈತಿ, ಮೊದಲ ಒಂದೀಟು ನೀರ ಕುಡಿ" ಎಂದು ಇವರು ತಂಬಿಗೆ ಹಿಡಿದರು. ಅತ್ತೆಗೆ ಸಕ್ಕರೆ ರೋಗವಿತ್ತು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಗದರಿಸಿ ಹೇಳಿದ್ದರು.

"ಬ್ಯಾಡಪಾ."

"ಸಿಗಲಿಲ್ಲಂದ್ರ ಅಯ್ಯನವರ ಕಡೆ ಬ್ಯಾರೆ ತರೂಣಂತ."

"ಬ್ಯಾರೆ ತಾಯಿ ತರ್ತಿಯೇನು?" ಎಂದರು ಅತ್ತೆ.

ಇವರು ಅತ್ತೆಯ ಹತ್ತಿರ ಕುಳಿತರು, ನಾನು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದೆ. ತೋಟದ ಬಾಗಿಲಲ್ಲಿ ಭಾನುವಾರದ ಜಾತ್ರೆ, ಟಿಕೀಟಿನ ಸಾಲು ಬಸ್ ಸ್ಟಾಪಿನವರೆಗೆ. ಎರಡು ದಿನ ಸಲಾಮು ಹೊಡೆದಿದ್ದ ವಾಚ್‌ಮನ್ ನನ್ನನ್ನು ಗುರುತೇ ಹಿಡಿಯಲಿಲ್ಲ. "ಪಾಸ್ ಕುಠೆ ಬಾಯಿ?" ಎಂದು ಮರಾಠಿಯಲ್ಲಿ ಪಾಸು ಕೇಳಿದ.

"ಈಗ ತಾಸಿನ ಹಿಂದ ಇಲ್ಲೇ ಇದ್ದೆವೋ ಯಪ್ಪಾ!" ಎಂದು ಕನ್ನಡದಲ್ಲೇ ಒದರಿದೆ. ಮರಾಠಿ, ಹಿಂದಿ ಒಂದೂ ನೆನಪಿಗೆ ಬರಲಿಲ್ಲ. ಅವನು ಸಾಲು ತೋರಿಸಿದ. ಒಳಗಿನವರಾಗಿದ್ದವರು ಒಂದು ತಾಸಿನಲ್ಲಿ ಹೊರಗಿನವರಾಗಿದ್ದೆವು. ಕಂಬಿ ಹಿಡಿದು ನಿಂತು "ಐತಣ್ಣಾ, ಐತಣ್ಣಾ" ಎಂದು ಕೂಗಿದೆ. ಜನ ನಗುತ್ತಿದ್ದರು. ನಗಲಿ, ನನಗೇನು! ಗಂಟಲು ಹರಿಯುವ ಹೊತ್ತಿಗೆ ಐತ ಬಂದ.

ನಾನು ಹೇಳಿದ್ದು ಕೇಳಿ ಅವನು ತಲೆ ಹಿಡಿದುಕೊಂಡ. "ಅಯ್ಯೋ ದೇವರೇ! ದೋಬಿಯವರು ಆಗಲೇ ಗಂಟು ಕೊಂಡೋದ್ರಲ್ಲ ಮಾರಾಯ್ತೀ. ಬನ್ನಿ ಬನ್ನಿ, ನಾನೇ ಬರ್ತೇನೆ."

ಮಾಲ್ವಣಿಯ ಹಿಂದೆ, ಖಾಡಿಯೆಂಬ ಸಮುದ್ರದ ಹಿನ್ನೀರಿನ ಪಕ್ಕದಲ್ಲಿ ದೋಬಿಗಳ ಬಾವಿ. ಎರಡು ಮೈಲಿ ಇರಬಹುದು. ಕಾಯ್ದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದೆನೋ ಓಡಿದೆನೋ ಗೊತ್ತಿಲ್ಲ. ಶಿವನೇ, ನನ್ನ ಕಣ್ಣು ಕಿತ್ತುಕೋ, ಅದೊಂದನ್ನು ಕೊಡು ಎಂದು ದಾರಿಯುದ್ದಕ್ಕೂ ಬೇಡಿದೆ. ಬಾವಿಯ ಹತ್ತಿರ ಆಳೆತ್ತರದ ತಾಮ್ರದ ಹಂಡೆಯಲ್ಲಿ ಸೋಡಾ ಹಾಕಿ ಬಟ್ಟೆ ಕುದಿಸುತ್ತಾರೆ. ನಾವು ಹೋದಾಗ ಹಂಡೆ ಬೋರಲಾಗಿತ್ತು.

ದೋಬಿಗಳ ಹಿರಿಯಳು ಗಂಗುಬಾಯಿ. ನನ್ನ ಮಾತು ಅರ್ಥವಾಗುತ್ತಲೇ ಒಗೆಯುವವರನ್ನೆಲ್ಲ ನಿಲ್ಲಿಸಿದಳು. ಒಂದೊಂದೇ ಹೊದಿಕೆ ಕೊಡವಿದೆವು. ಕೊನೆಗೆ ಅತ್ತೆಯ ಬಿಳಿ ಬಟ್ಟೆ ಸಿಕ್ಕಿತು. ಗಂಟು ಬಿಚ್ಚಿತ್ತು, ಒಳಗೆ ಏನೂ ಇರಲಿಲ್ಲ. ಬಟ್ಟೆಯ ನಡುವೆ ಕರಿಯ ಕಲೆಯೊಂದು ಹರಡಿತ್ತು. ಲಿಂಗದ ಕಲ್ಲಿನ ಮೇಲೆ ಕಪ್ಪು ಲೇಪ ಇರುತ್ತದೆ, ಕುದಿಯುವ ಸೋಡಾದಲ್ಲಿ ಅದು ಕರಗಿತ್ತು. ಒಳಗಿನ ಕಲ್ಲು ಹುಣಸೆ ಬೀಜದಷ್ಟು.

"ಹಂಡೆಯ ನೀರು?" ಎಂದು ಕೇಳಿದೆ. ಗಂಗುಬಾಯಿ ಮೋರಿಯ ಕಡೆ ಕೈ ತೋರಿಸಿದಳು. ಮೋರಿ ನೇರ ಖಾಡಿಗೆ, ಖಾಡಿ ಸಮುದ್ರಕ್ಕೆ. ಮೊಣಕೈವರೆಗೆ ಕೆಸರಿಗೆ ಕೈ ಹಾಕಿ ಬಳಿದೆ. ಗಂಗುಬಾಯಿಯೂ ಸೀರೆ ಎತ್ತಿ ಕಟ್ಟಿ ಇಳಿದಳು, ಐತನೂ ಇಳಿದ. ಕೈಗೆ ಬಂದದ್ದೆಲ್ಲ ಬರೀ ಅಂಗಿಯ ಗುಂಡಿ, ಕಪ್ಪೆಚಿಪ್ಪು, ಜಲ್ಲಿಕಲ್ಲು. ಮಧ್ಯಾಹ್ನ ಇಳಿದು ಭರತ ಏರಿ ಉಪ್ಪು ನೀರು ಮೋರಿಗೇ ನುಗ್ಗತೊಡಗಿತು.

"ಎದ್ದೇಳಿ ಅಮ್ಮ. ಇನ್ನು ಸಿಕ್ಕುವುದಿಲ್ಲ" ಎಂದ ಐತ. ಅವನ ಕಣ್ಣಲ್ಲೂ ನೀರಿತ್ತು.

ನಾನು ಬಾವಿಕಟ್ಟೆಯ ಹಿಂದೆ ಹೋದೆ. ನನ್ನ ಕೊರಳಲ್ಲಿ ತವರಿನವರು ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆ ಇತ್ತು, ಒಳಗೆ ನನ್ನ ಲಿಂಗ. ಎಲ್ಲರ ಲಿಂಗವೂ ನೋಡಲು ಒಂದೇ, ಕರಿಯ ಗುಂಡು. ಅದನ್ನು ಕೊಟ್ಟರೆ ನಾನು ಲಿಂಗವಿಲ್ಲದವಳು, ಅವರ ಹಾಗೆ ನನಗೂ ನೀರು ಮುಟ್ಟುವ ಹಕ್ಕಿಲ್ಲ. ಕೊಡದಿದ್ದರೆ ಅಲ್ಲಿ ಅತ್ತೆ ಉಳಿಯುವುದಿಲ್ಲ. ತೆಗೆದೆ. ಅತ್ತೆಯ ಬಟ್ಟೆಯಲ್ಲಿ ಕಟ್ಟಿದೆ. ಖಾಲಿ ಕರಡಿಗೆಯನ್ನು ಮುಚ್ಚಿ ಕೊರಳಿಗೇ ಬಿಟ್ಟುಕೊಂಡೆ.

ಲಾಡ್ಜಿಗೆ ಬಂದಾಗ ನಾಲ್ಕು ಗಂಟೆ. ಅತ್ತೆ ಚಾಪೆಯ ಮೇಲೆ ಮಲಗಿದ್ದರು. ತುಟಿ ಒಣಗಿ ಬಿರಿದಿತ್ತು, ಕಣ್ಣು ಒಳಗೆ ಹೋಗಿತ್ತು. ಇವರು ಪಕ್ಕದಲ್ಲಿ ಕೂತು ಮಗುವಿನ ಹಾಗೆ ಅಳುತ್ತಿದ್ದರು.

"ಸಿಕ್ತರೀ ಅತ್ತೀ! ದೋಬಿ ಎತ್ತಿಟ್ಟಿದ್ದಳು!" ಎಂದೆ. ಒಂದೇ ದಿನದಲ್ಲಿ ಎರಡನೇ ಸುಳ್ಳು.

ಅತ್ತೆ ಎದ್ದು ಕುಳಿತರು. ಗಂಟು ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಐವತ್ತೆಂಟು ವರ್ಷ ದಿನಾ ಒಂದೇ ಭಾರ ಹೊತ್ತ ಅಂಗೈ ಅದು. ನಾನು ಹುಚ್ಚಿ, ಕಣ್ಣಿಗೆ ಮಾತ್ರ ಮೋಸ ಮಾಡಲು ಹೊರಟಿದ್ದೆ. ಅವರು ನನ್ನ ಕೆಸರಿನ ಕೈ ನೋಡಿದರು, ಬೊಬ್ಬೆ ಎದ್ದ ಕಾಲು ನೋಡಿದರು. ಆಮೇಲೆ ಕೈ ಚಾಚಿ ನನ್ನ ಕೊರಳಿನ ಕರಡಿಗೆಯನ್ನು ಎರಡು ಬೆರಳಲ್ಲಿ ಎತ್ತಿ, ಹಗುರಾಗಿ ಕೆಳಗೆ ಬಿಟ್ಟರು.

"ಅವ್ವಾ, ನಿಂದ ಐತಿಲ್ಲೋ?" ಎಂದು ಇವರು ಕೇಳಿದರು.

"ನಂದ ಐತಪಾ" ಎಂದರು ಅತ್ತೆ. ಅವರು ಸುಳ್ಳಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಪೂಜೆ ಮುಗಿಸಿ, ಇವರು ಊಟ ತರಲು ಹೊರಗೆ ಹೋದೊಡನೆ ಲಿಂಗವನ್ನು ನನ್ನ ಅಂಗೈಗಿಟ್ಟು, "ನೀನೂ ಕೈ ಮುಗಿಯವಾ" ಎಂದರು. ಆಮೇಲೆ ತಂಬಿಗೆಯನ್ನು ನನ್ನ ಕಡೆ ಸರಿಸಿದರು. "ಮೊದಲ ನೀ ಕುಡಿ. ನೀ ಕುಡಿದ ಮ್ಯಾಲೆ ನಾ ಕುಡೀತೀನಿ."

ಕುಡಿದೆ. ಅಳುತ್ತಲೇ ತಂಬಿಗೆಯನ್ನು ಅವರ ಕೈಗಿಟ್ಟೆ, ಅವರೂ ಕುಡಿದರು.

ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಆದರೂ ಒಂದೇ ಲಿಂಗಕ್ಕೆ ಇಬ್ಬರ ಪೂಜೆ ನಮ್ಮ ಮನೆಯಲ್ಲಿ ನಾಲ್ಕು ವರ್ಷ, ಮಗನಿಗೂ ತಿಳಿಯದಂತೆ ನಡೆಯಿತು. ಬೆಳಿಗ್ಗೆ ಅವರ ಪೂಜೆ, ಇವರು ಆಫೀಸಿಗೆ ಹೋದ ಮೇಲೆ ನನ್ನದು. "ಅಯ್ಯನವರಿಗೆ ಹೇಳಿ ಹೊಸಾದು ಕಟ್ಟಿಸಿಕೊಳ್ಳೂಣ್ರಿ" ಎಂದು ಎಷ್ಟು ಸಲ ಅಂದೆನೋ. "ಹ್ಯಾಂಗ ಹೋತು ಅಂತ ಕೇಳತಾರ. ಅತ್ತಿ ಲಿಂಗ ಕಳದಾಕಿ ಅಂತ ನಿನ್ನ ಹೆಸರ ಊರೆಲ್ಲಾ ಆಗೂದು ಬ್ಯಾಡ" ಎನ್ನುತ್ತಿದ್ದರು.

ಎಪ್ಪತ್ತೇಳರ ಶ್ರಾವಣದಲ್ಲಿ ಹಾಸಿಗೆ ಹಿಡಿದರು. ಕೊನೆಯ ಮಧ್ಯಾಹ್ನ ನನ್ನನ್ನು ಕರೆದು, ತಾವೇ ನನ್ನ ಕರಡಿಗೆ ತೆರೆದು ಲಿಂಗವನ್ನು ಒಳಗಿಟ್ಟು ಮುಚ್ಚಿದರು. ವಿಭೂತಿಯ ಗಟ್ಟಿಯೊಂದನ್ನು ಲಿಂಗದ ಗಾತ್ರಕ್ಕೆ ಮುರಿದು, ಆ ಕಲೆಯಾದ ಬಿಳಿ ಬಟ್ಟೆಯಲ್ಲಿ ಕಟ್ಟಿ ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. "ಯಾರೂ ಬಿಚ್ಚದಂಗ ನೋಡ್ಕೊ" ಎಂದರು. ಸಂಜೆ ಜೀವ ಹೋಯಿತು.

ಮಣ್ಣು ಕೊಡುವಾಗ ಅಯ್ಯನವರು ಅತ್ತೆಯ ಮುಚ್ಚಿದ ಮುಷ್ಟಿಯನ್ನು ಮುಟ್ಟಿ ನೋಡಿ, "ಲಿಂಗ ಐತೇನ್ರಿ?" ಎಂದು ಕೇಳಿದರು. ಇವರು ನನ್ನ ಕಡೆ ನೋಡಿದರು. ನನ್ನ ಕೊರಳಲ್ಲಿ ಕರಡಿಗೆ ಭಾರವಾಗಿ ತೂಗುತ್ತಿತ್ತು.

"ಐತ್ರಿ" ಎಂದು ಹೇಳಿ, ಎಲ್ಲರಿಗಿಂತ ಮೊದಲು ನಾನೇ ಒಂದು ಹಿಡಿ ಮಣ್ಣು ಹಾಕಿದೆ.