ಎಂಟಾಣೆ ಚಾಕುವಿಗೆ ಹಾಕಿದ ಸಹಿ

೧೯೬೧ರಲ್ಲಿ ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಸ್ಟೋರ್ಸ್ ಇನ್ಸ್‌ಪೆಕ್ಟರ್ ಆಗಿದ್ದೆ. ಗಿರಣಿಗೆ ಬರುವ ಬೆಲ್ಟು, ಎಣ್ಣೆ, ಪೊರಕೆಯವರೆಗೆ ಎಲ್ಲವನ್ನೂ ಪರೀಕ್ಷಿಸಿ ‘ಪಾಸ್’ ಎಂದು ಸಹಿ ಹಾಕುವುದು ನನ್ನ ಕೆಲಸ. ನನ್ನ ಕಣ್ಣು ತಪ್ಪಿಸಿ ಕಳಪೆ ಮಾಲು ಒಳಗೆ ಬರಲಾರದು ಎಂಬ ಜಂಬವೂ ಇತ್ತು.

ನೂಲನ್ನು ಲಡಿ ಸುತ್ತುವ ರೀಲಿಂಗ್ ಖಾತೆಯಲ್ಲಿ ಹೆಂಗಸರು ಕೆಲಸ ಮಾಡುತ್ತಿದ್ದರು. ಬಾಬಿನ್ನಿನಲ್ಲಿ ಉಳಿದ ನೂಲನ್ನು ಕೊಯ್ದು ತೆಗೆಯಲು ಅವರಿಗೆ ಮಡಿಚುವ ಚಾಕು ಕೊಡುತ್ತಿದ್ದೆವು. ಆ ವರ್ಷ ಇನ್ನೂರು ಚಾಕು ಬೇಕಾದವು. ಒಂದೂವರೆ ರೂಪಾಯಿಯದು, ಎಂಟಾಣೆಯದು, ಹೀಗೆ ಎರಡು ಮಾದರಿ ಬಂದವು. ನೂಲಿನ ಊರಿನವರಾದ ನಮಗೆ ಚಾಕುವಿನ ಪರೀಕ್ಷೆ ಒಂದೇ: ಒಂದೆಳೆ ನೂಲನ್ನು ಹಲ್ಲಿನಲ್ಲಿ ಕಚ್ಚಿ ಇಳಿಬಿಟ್ಟು ಅಲಗು ತಾಗಿಸುವುದು. ಎಳೆ ಅಲುಗಾಡದೆ ತುಂಡಾದರೆ ಚಾಕು ಒಳ್ಳೆಯದು. ಎಂಟಾಣೆಯದೇ ಹೆಚ್ಚು ಚುರುಕಾಗಿ ಕೊಯ್ದಿತು. ಉಳಿತಾಯ ಮಾಡಿಕೊಟ್ಟೆನೆಂದು ಬೀಗುತ್ತ ಸಹಿ ಹಾಕಿದೆ.

ಎರಡು ತಿಂಗಳಾದ ಮೇಲೆ ಹನುಮಕ್ಕ ಎಂಬ ಕೆಲಸಗಾರ್ತಿಯ ಕೈಯಲ್ಲಿ ಆ ಚಾಕು ಮಡಿಚಿಕೊಂಡಿತು. ಆಕೆ ಹತ್ತಿರದ ಕುಕ್ಕುವಾಡ ಹಳ್ಳಿಯಿಂದ ಬಂದು ದಾವಣಗೆರೆಯಲ್ಲಿ ನೆಲೆಸಿದ್ದವಳು. ಗಂಡ ತೀರಿಹೋಗಿದ್ದ, ಇಬ್ಬರು ಹೆಣ್ಣುಮಕ್ಕಳು. ಬಲಗೈ ತೋರುಬೆರಳಿನ ನರ ತುಂಡಾಗಿ ಬೆರಳು ಸೆಟೆದು ನಿಂತಿತು. ಕಡಿದ ಎಳೆಗೆ ಗಂಟು ಹಾಕಲಾಗದ ಕೈಗೆ ರೀಲಿಂಗಿನಲ್ಲಿ ಕೆಲಸವಿಲ್ಲ. ತಪ್ಪು ಚಾಕುವಿನದಾದರೆ ಗಿರಣಿ ಅವಳಿಗೆ ಬೇರೆ ಹಗುರ ಕೆಲಸ ಕೊಡಬೇಕು, ಅವಳದಾದರೆ ಮನೆಗೆ ಕಳಿಸಬಹುದು.

ಮ್ಯಾನೇಜರು ನನ್ನ ವರದಿ ಕೇಳಿದರು. ನಾನು ಮತ್ತೆ ನೂಲು ಕಚ್ಚಿ ಅದೇ ಪರೀಕ್ಷೆ ಮಾಡಿದೆ. ಎಳೆ ನೀಟಾಗಿ ತುಂಡಾಯಿತು. ‘ಚಾಕು ಸರಿಯಿದೆ. ಬಳಸಿದವರ ಅಜಾಗರೂಕತೆ’ ಎಂದು ಬರೆದುಕೊಟ್ಟೆ. ಆಸ್ಪತ್ರೆಗೆ ಹೋಗಿ ಅವಳನ್ನು ಒಂದು ಮಾತು ಕೇಳಲಿಲ್ಲ, ಕೇಳಬೇಕೆಂದು ಅನ್ನಿಸಲೂ ಇಲ್ಲ. ನಾಲ್ಕೇ ದಿನದಲ್ಲಿ ಅವಳ ಹೆಸರು ಹಾಜರಿ ಪುಸ್ತಕದಿಂದ ಹೋಯಿತು.

ಮುಂದಿನ ವಾರ ಬೇರೆ ಕೆಲಸಕ್ಕೆ ಹರಿಹರಕ್ಕೆ ಹೋದಾಗ ಹನುಮಕ್ಕನ ಆ ಚಾಕು ನನ್ನ ಜೇಬಿನಲ್ಲೇ ಇತ್ತು. ಅಲ್ಲಿ ಚಾಕು, ಕತ್ತರಿ ಮಾಡುವ ವೀರಾಚಾರಿ ಎಂಬ ಹಿರಿಯರಿಗೆ ತೋರಿಸಿದೆ. ಅವರು ಅಲಗಿನ ಮೊನಚು ನೋಡಲೇ ಇಲ್ಲ. ಚಾಕು ಬಿಚ್ಚಿ ಅಲಗಿನ ಬೆನ್ನನ್ನು ಮರದ ದಿಮ್ಮಿಗೆ ಮೆಲ್ಲಗೆ ಒತ್ತಿದರು. ಅದು ತಟಕ್ಕನೆ ಮಡಿಚಿತು. ಆಮೇಲೆ ಹಿಡಿಯ ಮೊಳೆ ಬಡಿದು ತೆಗೆದು ಬೆನ್ನಿನ ಒಳಗಿನ ಪಟ್ಟಿಯನ್ನು ಹೊರಗೆಳೆದರು. ಬಿಚ್ಚಿದ ಅಲಗನ್ನು ಬಿಗಿಯಾಗಿ ಹಿಡಿದಿಡುವುದು ಇದೇ ಸ್ಪ್ರಿಂಗು. ಅವರು ಬೆರಳಲ್ಲಿ ಬಗ್ಗಿಸಿದರು. ಅದು ಬಗ್ಗಿದಂತೆಯೇ ಉಳಿಯಿತು.

“ಇದು ಹತ್ತಿ ತುಂಬಿದ ಅಂಡಿಗಿ ಬಿಗಿಯೋ ತಗಡಿನ ಪಟ್ಟಿ ರೀ. ಗಿರಣಿ ಗುಜರಿ ಮಾಲು, ಹದ ಇಲ್ಲ,” ಎಂದರು. “ಅಲಗು ಯಾರಾದ್ರೂ ಮಸೀತಾರ. ಮಡಿಚೋ ಚಾಕುನ ಬೆನ್ನು ನೋಡಿ ತಗಬೇಕ್ರಿ.”

ದಾವಣಗೆರೆಗೆ ಮರಳಿದವನು ನೇರವಾಗಿ ಹನುಮಕ್ಕನ ಮನೆಗೆ ಹೋದೆ. ಕೂರಲು ಚಾಪೆ ಹಾಸಿದಳು. ಗಿರಣಿಯವರು ಕೊಟ್ಟ ಕಾಗದವನ್ನು ಗೂಡಿನಿಂದ ತೆಗೆದು ನನ್ನ ಕೈಗಿತ್ತಳು.

“ನನಗ ಓದಾಕ ಬರಲ್ರಿ ಸಾಹೇಬ್ರ. ಯಾಕ ತೆಗದ್ರು ಅಂತ ಬರ್ದೈತೆ, ನೀವಾ ಓದಿ ಹೇಳ್ರಿ.”

ನನ್ನ ಮಾತನ್ನೇ ಅದರಲ್ಲಿ ಇಳಿಸಿದ್ದರು. ಓದಿದೆ. ಬರೆದವನು ನಾನೇ ಎಂದೂ ಹೇಳಿದೆ. ಅವಳು ಕಾಗದವನ್ನು ವಾಪಸು ತೆಗೆದುಕೊಂಡಳು.

“ಚಾಕು ಸಡ್ಲ ಆಗೈತೆ ಅಂತ ನಮ್ಮ ಕೆಲ್ಸ ನೋಡೋ ಜಾಬರ್‌ಗೆ ಮೂರು ಸಲ ಹೇಳಿದ್ದೆ ರೀ. ಅದನ್ನ ಯಾರೂ ಬರೀಲಿಲ್ಲೇನು?”

ತಪ್ಪು ಚಾಕುವಿನದೇ ಎಂದು ಮರುದಿನವೇ ಎರಡನೇ ವರದಿ ಕೊಟ್ಟೆ. ಇನ್ನೂರೂ ಚಾಕು ವಾಪಸಾದವು, ಹನುಮಕ್ಕ ವಾಪಸಾಗಲಿಲ್ಲ. ಅವಳನ್ನು ತೆಗೆದುಕೊಂಡರೆ ಗಿರಣಿ ತಪ್ಪೊಪ್ಪಿಕೊಂಡಂತೆ ಎಂದರು ಮ್ಯಾನೇಜರು. ವರದಿಯ ಪ್ರತಿ ಹಿಡಿದು ಲೇಬರ್ ಆಫೀಸರ ಬಳಿ ಹೋಗಬಹುದಿತ್ತು. ಹೋಗಲಿಲ್ಲ. ನನ್ನ ನೌಕರಿಯ ಭಯ ನನಗೆ. ಇದನ್ನು ಬರೆಯುವಾಗ ಇಂದಿಗೂ ನಾಚಿಕೆಯಾಗುತ್ತದೆ.

ಅಗ್ಗದ ಮಾಲೆಲ್ಲ ಕೆಟ್ಟದ್ದಲ್ಲ, ಆಮೇಲೂ ಎಷ್ಟೋ ಅಗ್ಗದ ಸಾಮಾನು ಪಾಸ್ ಮಾಡಿದ್ದೇನೆ. ಆದರೆ ಅದನ್ನು ದಿನವಿಡೀ ಹಿಡಿಯುವವರನ್ನು ಕೇಳದೆ ಸಹಿ ಹಾಕಲಿಲ್ಲ. ‘ಸರಿಯಿದೆ’ ಎಂದು ಆಫೀಸಿನಲ್ಲಿ ಕೂತು ಬರೆಯಲು ಒಂದು ನಿಮಿಷ ಸಾಕು. ಅದನ್ನೇ ಹನುಮಕ್ಕನ ಎದುರು ಚಾಪೆಯ ಮೇಲೆ ಕೂತು ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು.